ಕಬ್ಬಿಣವೂ ಕುಪ್ಪಳಿಕೆಯೂ

ನಾನು ಉದ್ದ ಜಿಗಿತದವನು. 2003ರಲ್ಲಿ ಪ್ಯಾರಿಸಿನ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ 6.70 ಮೀಟರ್ ಜಿಗಿದು ಕಂಚು ತಂದ ಅಂಜು ಬಾಬಿ ಜಾರ್ಜ್ ಅವರ ಚಿತ್ರ ನಮ್ಮ ಮನೆಯ ಗೋಡೆಯ ಮೇಲಿದೆ. ಜಿಗಿಯಲು ಕಾಲಲ್ಲಿ ಬಲ ಬೇಕೆಂದು ಯಾರೋ ಹೇಳಿದರು. ಸರಿ, ಅಂಬರನಾಥದ ಒಂದು ವ್ಯಾಯಾಮಶಾಲೆ ಸೇರಿ, ಹೆಗಲ ಮೇಲೆ ಕಬ್ಬಿಣ ಹೊತ್ತು ಕೂತು ಏಳತೊಡಗಿದೆ. ಹತ್ತು ತಿಂಗಳಲ್ಲಿ 40 ಕಿಲೋ ಹೋಗಿ 90 ಆಯಿತು. ಪ್ಯಾಂಟು ತೊಡೆಯಲ್ಲಿ ಬಿಗಿಯಾಯಿತು. ಜಿಗಿತ ಮಾತ್ರ 5.92ರಿಂದ 5.95ಕ್ಕೆ ಬಂದು ಕೂತುಬಿಟ್ಟಿತು!

ಅಪ್ಪ ವಿಜಯಪುರದ ಕಡೆಯವರು, ಇಲ್ಲಿಯ ಕಾರ್ಖಾನೆಯೊಂದರಲ್ಲಿ ದುಡಿಯುತ್ತಾರೆ. ನನ್ನ ಸ್ಪೈಕ್ ಬೂಟಿಗಾಗಿ ತಿಂಗಳಿಡೀ ಓವರ್‌ಟೈಮ್ ಮಾಡಿದವರು. "ತಮ್ಮಾ, ಚೀಲಾ ಹೊರೂ ಬಲಾ ಬ್ಯಾರೆ, ಹಳ್ಳ ಜಿಗಿಯೂ ಬಲಾ ಬ್ಯಾರೆ" ಅಂದರು. ನಾನು ನಕ್ಕೆ. ನಗಬಾರದಿತ್ತು.

ಲೆಕ್ಕ ನೋಡಿ. ಉದ್ದ ಜಿಗಿತದಲ್ಲಿ ಹಲಗೆಯ ಮೇಲೆ ಪಾದ ಇರುವುದು ಸುಮಾರು 0.12 ಸೆಕೆಂಡು. ಸ್ನಾಯು ತನ್ನ ಪೂರ್ಣ ಬಲ ತೋರಿಸಲು 0.3 ಸೆಕೆಂಡಾದರೂ ಬೇಕು. ನಮ್ಮ ಸ್ಟೇಶನ್ನಿನಲ್ಲಿ ಲೋಕಲ್ ನಿಂತಷ್ಟರಲ್ಲಿ ಹತ್ತಿದವನೇ ಹತ್ತಿದವ. ಗಾಡಿ ಹೋದಮೇಲೆ ಬಂದ ಪೈಲ್ವಾನನಿಂದ ಏನು ಪ್ರಯೋಜನ? ನನ್ನ 90 ಕಿಲೋ ಬಲ ಹಾಗೇ ತಡವಾಗಿ ಬರುತ್ತಿತ್ತು.

ಸೋವಿಯತ್ ತರಬೇತುದಾರ ಯೂರಿ ವೆರ್ಖೊಶಾನ್‌ಸ್ಕಿ 1960ರ ದಶಕದಲ್ಲೇ ಇದಕ್ಕೊಂದು ಉಪಾಯ ಬರೆದಿದ್ದರು. ಪೆಟ್ಟಿಗೆಯ ಮೇಲಿಂದ ಇಳಿ, ನೆಲ ಮುಟ್ಟಿದೊಡನೆ ಪುಟಿ. ಇಳಿಯುವಾಗ ಹಿಗ್ಗಿದ ಸ್ನಾಯು ರಬ್ಬರಿನಂತೆ ತಿರುಗಿ ಎಳೆಯುತ್ತದೆ. ತಡಮಾಡಿದರೆ ಆ ಎಳೆತ ಪೋಲು. ಇಂಥ ಅಭ್ಯಾಸಗಳಿಗೇ ಪ್ಲೈಯೋಮೆಟ್ರಿಕ್ಸ್ ಎಂಬ ಹೆಸರು.

ಓದಿದ್ದೇ ತಡ, ಕಬ್ಬಿಣ ಬಿಟ್ಟೆ. ಚಾಳಿನ ಸಿಮೆಂಟ್ ಗಚ್ಚಿಯ ಮೇಲೆ ದಿನಾ ನೂರೈವತ್ತು ಕುಪ್ಪಳಿಕೆ. ತಿಂಗಳಲ್ಲೇ 6.14! ಎರಡನೆಯ ತಿಂಗಳಿಗೆ ಮೊಣಕಾಲ ಕೆಳಗಿನ ಎಲುಬು ಸಿಡಿಯತೊಡಗಿತು. ಅಂತರಕಾಲೇಜು ಸ್ಪರ್ಧೆಯ ದಿನ ನಾನು ಬೆಂಚಿನ ಮೇಲೆ, ಅಪ್ಪ ಕೊಡಿಸಿದ ಬೂಟು ಚೀಲದೊಳಗೆ.

ಕಬ್ಬಿಣ ಬಲವನ್ನು ಕೂಡಿಡುತ್ತದೆ, ನೆಲದ ಪೆಟ್ಟು ತಾಳುವ ಕಾಲು ಕೊಡುತ್ತದೆ. ಕೂಡಿಟ್ಟದ್ದನ್ನು ಚಣದಲ್ಲಿ ಖರ್ಚು ಮಾಡಲು ಕಲಿಸುವುದು ಕುಪ್ಪಳಿಕೆ. 1963ರಲ್ಲಿ 2.28 ಮೀಟರ್ ಎತ್ತರ ದಾಟಿದ ವಲೆರಿ ಬ್ರುಮೆಲ್ ಎರಡನ್ನೂ ಮಾಡುತ್ತಿದ್ದ. ನಾನು ಒಂದನ್ನು ಹಿಡಿದಾಗಲೆಲ್ಲ ಇನ್ನೊಂದನ್ನು ಬಿಟ್ಟಿದ್ದೆ.

ಇದು ನನ್ನ ಪದವಿಯ ಕೊನೆಯ ವರ್ಷ. ವಾರಕ್ಕೆ ಎರಡು ದಿನ ಕಬ್ಬಿಣ. ಎರಡು ದಿನ ಮಣ್ಣಿನ ಮೇಲೆ ಎಣಿಸಿ ಅರವತ್ತೇ ಕುಪ್ಪಳಿಕೆ. ಕಳೆದ ತಿಂಗಳ ಸ್ಪರ್ಧೆಯಲ್ಲಿ 6.31 ಜಿಗಿದೆ. ಮೂರನೆಯ ಸ್ಥಾನಕ್ಕೆ 4 ಸೆಂಟಿಮೀಟರ್ ಕಡಿಮೆ ಬಿತ್ತು. ಅಪ್ಪ ಶಿಫ್ಟ್ ಬದಲಿಸಿಕೊಂಡು ನೋಡಲು ಬಂದಿದ್ದರು. ಲೋಕಲ್ಲಿನಲ್ಲಿ ದಾರಿಯುದ್ದಕ್ಕೂ ಮಾತಾಡಲಿಲ್ಲ. ಉಲ್ಹಾಸನಗರ ದಾಟಿದ ಮೇಲೆ ಕೇಳಿದರು: "ನಾಳೆ ಕಬ್ಬಿಣದ ದಿನಾನೋ, ಜಿಗಿಯೂ ದಿನಾನೋ?"