ದೇಶದ ಸಾಸಿವೆ ಡಬ್ಬಿ

ಪರೀಕ್ಷೆ ಮುಂದಕ್ಕೆ ಹೋಗಲು ಕಾರಣಗಳು ಹಲವು. ಮಳೆ, ಮುಷ್ಕರ, ಚುನಾವಣೆ, ಪ್ರಶ್ನೆಪತ್ರಿಕೆ ಬಯಲಾಗುವುದು - ಇವೆಲ್ಲ ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ಪರಿಚಿತವೇ. ಆದರೆ ಪ್ರಶ್ನೆಪತ್ರಿಕೆ ಅಚ್ಚು ಹಾಕಲು ಕಾಗದವೇ ಇಲ್ಲವೆಂದು ಪರೀಕ್ಷೆ ನಿಂತದ್ದುಂಟೆ? 2022ರ ಮಾರ್ಚಿಯಲ್ಲಿ ಶ್ರೀಲಂಕಾದಲ್ಲಿ ಹಾಗೆಯೇ ಆಯಿತು. ಕೊಲಂಬೊ ನಗರವಿರುವ ಪಶ್ಚಿಮ ಪ್ರಾಂತ್ಯದ ಶಾಲೆಗಳಲ್ಲಿ ಪರೀಕ್ಷೆಗಳನ್ನು ಮುಂದೂಡಿದರು. ಅದೇ ತಿಂಗಳು ‘ದಿ ಐಲ್ಯಾಂಡ್’ ಮತ್ತು ಸಿಂಹಳ ಭಾಷೆಯ ‘ದಿವಯಿನ’ ಪತ್ರಿಕೆಗಳು ಶನಿವಾರದ ಮುದ್ರಿತ ಸಂಚಿಕೆಯನ್ನು ನಿಲ್ಲಿಸಿದವು. ಕಾಗದ ಹೊರದೇಶದಿಂದ ಬರಬೇಕು. ತರಿಸಲು ಡಾಲರು ಬೇಕು. ಡಾಲರು ಇರಲಿಲ್ಲ.

ವಿದೇಶಿ ವಿನಿಮಯವೆಂದರೆ ದೊಡ್ಡ ವ್ಯಾಪಾರಿಗಳ, ಬ್ಯಾಂಕಿನವರ ಮಾತು ಎಂದು ತಿಳಿದವರೇ ಹೆಚ್ಚು. ಹಿಂದಿನ ಕಾಲದ ಗೃಹಿಣಿ ಸಾಸಿವೆ ಡಬ್ಬಿಯಲ್ಲಿ ನಾಲ್ಕು ಕಾಸು ಬಚ್ಚಿಡುತ್ತಿದ್ದಳಲ್ಲ, ಅಂಥದೊಂದು ಡಬ್ಬಿ ದೇಶಕ್ಕೂ ಉಂಟು. ವ್ಯತ್ಯಾಸ ಇಷ್ಟೆ: ದೇಶದ ಡಬ್ಬಿಯಲ್ಲಿ ಇರಬೇಕಾದದ್ದು ಪರರ ನಾಣ್ಯ. ಶ್ರೀಲಂಕಾ ತನ್ನ ರೂಪಾಯಿಯನ್ನು ಬೇಕಾದಷ್ಟು ಅಚ್ಚು ಹಾಕಬಹುದು. ಒಂದೇ ಒಂದು ಡಾಲರನ್ನು ಅಚ್ಚು ಹಾಕಲಾರದು. ಚಹಾ ಮಾರಿ, ಸಿದ್ಧ ಉಡುಪು ಹೊಲಿದು, ಪ್ರವಾಸಿಗಳನ್ನು ಸತ್ಕರಿಸಿ, ಕೊಲ್ಲಿ ದೇಶಗಳಲ್ಲಿ ದುಡಿಯುವ ಮಕ್ಕಳ ಬೆವರಿನಿಂದ ಅದನ್ನು ಸಂಪಾದಿಸಬೇಕು.

ಸುಮಾರು 2 ಕೋಟಿ 20 ಲಕ್ಷ ಜನರ ಆ ಪುಟ್ಟ ದ್ವೀಪದ ಡಬ್ಬಿಯಲ್ಲಿ 2019ರ ಕೊನೆಗೆ ಸುಮಾರು 760 ಕೋಟಿ ಡಾಲರು ಇತ್ತು. ಆ ವರ್ಷದ ಈಸ್ಟರ್ ಹಬ್ಬದ ದಿನ ನಡೆದ ಬಾಂಬ್ ಸ್ಫೋಟಗಳಿಂದ ಪ್ರವಾಸಿಗಳು ಹೆದರಿದ್ದರು. 2020ರಲ್ಲಿ ಕೊರೋನಾ ಬಂದು ಅವರ ದಾರಿ ಪೂರ್ತಿ ಮುಚ್ಚಿತು. ಸರ್ಕಾರ ತೆರಿಗೆಗಳನ್ನು ಇಳಿಸಿ ಬೊಕ್ಕಸವನ್ನು ಬರಿದು ಮಾಡಿಕೊಂಡಿತ್ತು. ಹಳೆಯ ಸಾಲಗಳ ಗಡುವು ಮಾತ್ರ ಯಾರಿಗೂ ಕಾಯಲಿಲ್ಲ. 2022ರ ಮಾರ್ಚಿಯ ಹೊತ್ತಿಗೆ ಉಳಿದದ್ದು ಸುಮಾರು 190 ಕೋಟಿ. ಅದರಲ್ಲೂ ಕೈಗೆ ಸಿಗುವಂಥದ್ದು 5 ಕೋಟಿಗಿಂತ ಕಡಿಮೆ ಎಂದು ಮೇ ತಿಂಗಳಲ್ಲಿ ಹಣಕಾಸು ಸಚಿವರೇ ಸಂಸತ್ತಿಗೆ ತಿಳಿಸಿದರು.

ಡಬ್ಬಿ ಬರಿದಾಗತೊಡಗಿದಾಗ ಹುಟ್ಟಿಕೊಂಡದ್ದು ನಿಯಮಗಳ ಸಾಲು. 2020ರಲ್ಲಿ ವಾಹನಗಳ ಆಮದು ನಿಂತಿತು. 2021ರ ಸೆಪ್ಟೆಂಬರಿನಲ್ಲಿ 623 ಬಗೆಯ ಸರಕುಗಳಿಗೆ, ತರಿಸುವವನು ಪೂರ್ತಿ ಹಣವನ್ನು ಮುಂಚಿತವಾಗಿ ಬ್ಯಾಂಕಿನಲ್ಲಿ ಇಡಬೇಕೆಂದು ಆಜ್ಞೆಯಾಯಿತು. 2022ರ ಮಾರ್ಚಿಯಲ್ಲಿ 367 ಬಗೆಯ ಸರಕುಗಳಿಗೆ ಪರವಾನಗಿ ಕಡ್ಡಾಯವಾಯಿತು. ಸರಕು ರಫ್ತು ಮಾಡಿದವನು 180 ದಿನಗಳೊಳಗೆ ಹಣವನ್ನು ದೇಶಕ್ಕೆ ತರಬೇಕು ಎಂಬ ಕಟ್ಟಳೆ ಬೇರೆ. ಸಾಮಾನ್ಯ ನಾಗರಿಕ ಕೈಯಲ್ಲಿ ಇಟ್ಟುಕೊಳ್ಳಬಹುದಾದ ವಿದೇಶಿ ನೋಟುಗಳ ಮಿತಿಯನ್ನು 2022ರ ಜೂನ್‌ನಲ್ಲಿ 15,000 ಡಾಲರಿನಿಂದ 10,000ಕ್ಕೆ ಇಳಿಸಿದರು. ಹೆಚ್ಚಿನದನ್ನು ಬ್ಯಾಂಕಿಗೆ ಕಟ್ಟಲು ಕೆಲವು ದಿನಗಳ ಅವಕಾಶ ಕೊಟ್ಟರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನೆನಪಾಗದೆ ಇರದು.

ನಿಯಮಗಳೆಲ್ಲ ತಪ್ಪೆಂದೇನೂ ಅಲ್ಲ. ಇದ್ದ ನಾಲ್ಕು ಡಾಲರು ಔಷಧಕ್ಕೋ ಕಾರಿಗೋ ಎಂದು ಕೇಳಿದರೆ ಔಷಧಕ್ಕೇ ಎನ್ನಬೇಕು. ಆದರೆ ನಿಯಮ ಡಾಲರನ್ನು ಹಂಚೀತು, ಹುಟ್ಟಿಸಲಾರದು. ಹೆಚ್ಚು ಬಿಗಿದರೆ ಇರುವ ಡಾಲರೂ ಅಡ್ಡದಾರಿ ಹಿಡಿಯುತ್ತದೆ. ಸರ್ಕಾರ ಒಂದು ಡಾಲರಿಗೆ ಸುಮಾರು 200 ರೂಪಾಯಿ ಎಂದು ಬೆಲೆ ಕಟ್ಟಿ ಹಿಡಿದು ಕೂತಿತ್ತು. ಹೊರಗಿನ ಬೆಲೆ ಅದಕ್ಕಿಂತ ಹೆಚ್ಚು. ಕೊಲ್ಲಿಯಲ್ಲಿ ದುಡಿಯುವವನು ಮನೆಗೆ ನಾಲ್ಕು ಕಾಸು ಹೆಚ್ಚು ಮುಟ್ಟಲೆಂದು ಬ್ಯಾಂಕನ್ನು ಬಿಟ್ಟು ಹುಂಡಿಯವನನ್ನು ಹುಡುಕಿದರೆ ಅವನನ್ನು ದೂರುವುದು ಹೇಗೆ? ಬ್ಯಾಂಕಿನ ಮೂಲಕ ಬರುತ್ತಿದ್ದ ಅಂಥ ಹಣ 2020ರಲ್ಲಿ ಸುಮಾರು 710 ಕೋಟಿ ಡಾಲರು ಇದ್ದದ್ದು 2021ರಲ್ಲಿ ಸುಮಾರು 550 ಕೋಟಿಗೆ ಇಳಿಯಿತು. ಅರಿಸಿನದ ಕಥೆಯೂ ಇದೇ. ಅದರ ಆಮದನ್ನು ತಡೆದರು, ಬೆಲೆ ಏರಿತು, ತಮಿಳುನಾಡಿನ ಕರಾವಳಿಯಿಂದ ಅರಿಸಿನದ ಮೂಟೆಗಳು ರಾತ್ರಿ ದೋಣಿಯಲ್ಲಿ ಕಳ್ಳಸಾಗಣೆಯಾಗತೊಡಗಿದವು.

ಕೊನೆಗೆ 2022ರ ಮಾರ್ಚಿಯಲ್ಲಿ ಹಿಡಿದ ಬೆಲೆಯನ್ನು ಬಿಡಲೇಬೇಕಾಯಿತು. ಮೇ ತಿಂಗಳ ಹೊತ್ತಿಗೆ ಡಾಲರು 360 ರೂಪಾಯಿಯ ಆಸುಪಾಸಿಗೆ ಏರಿತು. ಮಗನನ್ನೋ ಮಗಳನ್ನೋ ಹೊರದೇಶದಲ್ಲಿ ಓದಿಸುತ್ತಿದ್ದ ತಂದೆಯ ಲೆಕ್ಕವನ್ನು ಯಾರಾದರೂ ಹಾಕಬಹುದು. ವರ್ಷಕ್ಕೆ 10,000 ಡಾಲರು ಶುಲ್ಕವೆಂದರೆ ಫೆಬ್ರವರಿಯಲ್ಲಿ 20 ಲಕ್ಷ ರೂಪಾಯಿ. ಮೇ ತಿಂಗಳಲ್ಲಿ ಅದೇ ಶುಲ್ಕ 36 ಲಕ್ಷ. ಕಾಲೇಜಿನವರು ಒಂದು ಕಾಸನ್ನೂ ಏರಿಸಿರಲಿಲ್ಲ. ಹೊರಗೆ ಓದುವವರ ಪಾಡು ಇದಾದರೆ, ಊರಲ್ಲೇ ಓದುವವರಿಗೆ ಶಾಲೆಗೆ ಹೋಗಲು ಬಸ್ಸಿಗೆ ಎಣ್ಣೆಯಿರಲಿಲ್ಲ. ಜೂನ್ ಕೊನೆಗೆ ಪೆಟ್ರೋಲನ್ನು ಅಗತ್ಯ ಸೇವೆಗಳಿಗಷ್ಟೇ ಮೀಸಲಿಟ್ಟು, ನಗರಗಳ ಶಾಲೆಗಳನ್ನು ಮುಚ್ಚಿದರು.

ಇದನ್ನು ಓದಿ ಪಕ್ಕದ ಮನೆಯ ಸುದ್ದಿಯೆಂದು ಪುಟ ತಿರುವುವ ಹಾಗಿಲ್ಲ. 1991ರಲ್ಲಿ ಭಾರತದ ಡಬ್ಬಿಯೂ ಹೀಗೆಯೇ ಬರಿದಾಗಿತ್ತು. ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನವನ್ನು ಲಂಡನ್ನಿಗೆ ಸಾಗಿಸಿ ಸಾಲ ತರಬೇಕಾಯಿತು. ಅಂದು ಕಾಲೇಜಿನಲ್ಲಿದ್ದವರು ಇಂದು ಮಕ್ಕಳನ್ನು ಹೊರದೇಶಕ್ಕೆ ಕಳಿಸುವ ತಂದೆತಾಯಿಗಳು. ಶುಲ್ಕಕ್ಕೆ ಬೇಕಾದ ಡಾಲರು ಬ್ಯಾಂಕಿನಲ್ಲಿ ಒಂದು ಅರ್ಜಿಗೆ ಸಿಗುವುದನ್ನು ಕಂಡು, ಅದು ಎಂದೂ ಹಾಗೆಯೇ ಇತ್ತೆಂದು ಮಕ್ಕಳು ತಿಳಿಯುವುದು ಸಹಜ. ಹಾಗಿರಲಿಲ್ಲವೆಂದು ಹೇಳಬೇಕಾದವರು ಮನೆಯ ಹಿರಿಯರೇ.

ಶ್ರೀಲಂಕಾ 2023ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ ಸುಮಾರು 300 ಕೋಟಿ ಡಾಲರಿನ ಸಾಲಕ್ಕೆ ಒಪ್ಪಿಗೆ ಪಡೆಯಿತು. 2024ರ ಕೊನೆಗೆ ಡಬ್ಬಿಯಲ್ಲಿ ಮತ್ತೆ ಸುಮಾರು 600 ಕೋಟಿ ಕೂಡಿತು. 2025ರ ಫೆಬ್ರವರಿಯಲ್ಲಿ ಖಾಸಗಿ ಕಾರುಗಳ ಆಮದಿಗೂ ಅನುಮತಿ ಸಿಕ್ಕಿತು. ಕಾಗದವೂ ಬಂತು, ಎಣ್ಣೆಯೂ ಬಂತು. ಆದರೆ ಕೊರೋನಾ ಒಂದು ಕಡೆ, ಈ ಬಿಕ್ಕಟ್ಟು ಇನ್ನೊಂದು ಕಡೆ ಜಗ್ಗಿದ್ದರಿಂದ 2022ನೇ ಸಾಲಿನ ಎ-ಲೆವೆಲ್ ಪರೀಕ್ಷೆ, ಅಂದರೆ ವಿಶ್ವವಿದ್ಯಾಲಯಕ್ಕೆ ದಾರಿ ತೆರೆಯುವ ಪರೀಕ್ಷೆ, ನಡೆದದ್ದು 2023ರ ಜನವರಿ-ಫೆಬ್ರವರಿಯಲ್ಲಿ. ಖಾಲಿಯಾದ ಡಬ್ಬಿಯನ್ನು ಸಾಲ ತಂದಾದರೂ ತುಂಬಬಹುದು. ವಿದ್ಯಾರ್ಥಿಯ ಹೋದ ತಿಂಗಳುಗಳನ್ನು ಯಾವ ನಿಧಿಯೂ ಸಾಲ ಕೊಡುವುದಿಲ್ಲ.