ಮೇ ತಿಂಗಳ ಹಾಡು, ಫೆಬ್ರುವರಿಯ ನೆಲಮಾಳಿಗೆ

ಕೆಲವು ಹಾಡುಗಳನ್ನು ಕೇಳುವಾಗ ಹಾಡಿದವರ ಜೊತೆಗೆ ಅವರು ನಿಂತಿದ್ದ ಕೋಣೆಯೂ ಕೇಳಿಸುತ್ತದೆ. ಫೈವ್ ಸ್ಯಾಟಿನ್ಸ್ ತಂಡದ ‘ಇನ್ ದ ಸ್ಟಿಲ್ ಆಫ್ ದ ನೈಟ್’ ನನ್ನ ಪಾಲಿಗೆ ಅಂಥ ಹಾಡು. ಅದು ಧ್ವನಿಮುದ್ರಣವಾದದ್ದು ಸ್ಟುಡಿಯೋದಲ್ಲಲ್ಲ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ, ಸೇಂಟ್ ಬರ್ನಡೆಟ್ ಚರ್ಚಿನ ನೆಲಮಾಳಿಗೆಯಲ್ಲಿ, 1956ರ ಫೆಬ್ರುವರಿಯಲ್ಲಿ. ಸ್ಯಾಕ್ಸೊಫೋನ್ ನುಡಿಸುತ್ತಿದ್ದ ವಿನ್ನಿ ಮಜೆಟ್ಟಾ ಅದೇ ಚರ್ಚಿಗೆ ನಡೆದುಕೊಳ್ಳುತ್ತಿದ್ದವನು; ಪಾದ್ರಿಯನ್ನು ಕೇಳಿ ಜಾಗ ದೊರಕಿಸಿದ್ದ. ತಂಡದ ಹೆಸರಿನಲ್ಲಿ ಐವರು, ಅಂದು ಹಾಡಿದವರು ನಾಲ್ವರೇ.

ಹಾಡು ಕಟ್ಟಿದ ಫ್ರೆಡ್ ಪ್ಯಾರಿಸ್‌ಗೆ ಆಗ 20 ತುಂಬಿರಲಿಲ್ಲ. ಸೈನ್ಯ ಸೇರಿ ಫಿಲಡೆಲ್ಫಿಯಾದಲ್ಲಿದ್ದ. ರಾತ್ರಿ ಪಹರೆಯ ಹೊತ್ತಿನಲ್ಲಿ, ಊರಲ್ಲಿ ಬಿಟ್ಟುಬಂದ ಹುಡುಗಿಯನ್ನು ನೆನೆದು ಪದ ಜೋಡಿಸಿದ್ದ. ಇಬ್ಬರ ಪರಿಚಯವಾದದ್ದು ಪಕ್ಕದ ವೆಸ್ಟ್ ಹೇವನ್‌ನ ಸೇವಿನ್ ರಾಕ್ ಎಂಬ ಕಡಲತಡಿಯ ಮನರಂಜನಾ ಪಾರ್ಕಿನಲ್ಲಿ. ಆಮೇಲೆ ಅವಳು ಕ್ಯಾಲಿಫೋರ್ನಿಯಾಕ್ಕೆ ಹೋದಳು. ಪಾರ್ಕು ಕೂಡ ಅರುವತ್ತರ ದಶಕದಲ್ಲಿ ಮುಚ್ಚಿತು.

ಈ ಹಾಡಿನ ಶೈಲಿಗೆ ಡೂ-ವಾಪ್ ಎನ್ನುತ್ತಾರೆ. ಅದು ಹುಟ್ಟಿದ್ದೇ ಬರಿಗೈಯಲ್ಲಿ. ವಾದ್ಯ ಕೊಳ್ಳಲು ದುಡ್ಡಿಲ್ಲದ ಕರಿಯ ಹುಡುಗರು ಬೀದಿದೀಪದ ಕೆಳಗೆ, ಮೆಟ್ಟಿಲ ಸಂದಿಯಲ್ಲಿ, ಶಾಲೆಯ ಬಚ್ಚಲಿನಲ್ಲಿ ಸೇರುತ್ತಿದ್ದರು. ಒಬ್ಬ ತಗ್ಗಿನ ದನಿಯಲ್ಲಿ ನೆಲೆ ಹಿಡಿದರೆ ಇಬ್ಬರು ಅರ್ಥವಿಲ್ಲದ ಉಲಿಗಳಲ್ಲಿ ಲಯ ಕೊಡುತ್ತಿದ್ದರು. ಮೇಲೆ ಒಬ್ಬ ಪ್ರೇಮದ ಮಾತು ಹಾಡುತ್ತಿದ್ದ. ಗೋಡೆ ಗಟ್ಟಿಯಾಗಿದ್ದಷ್ಟೂ ಸದ್ದು ತುಂಬಿಬರುತ್ತಿತ್ತು. ಹಳೆಯ ದೇವಸ್ಥಾನದ ಕಲ್ಲುಮಂಟಪದಲ್ಲಿ ಭಜನೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಹಾಡಿನ ಮೂರು ನಿಮಿಷಗಳನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಪಿಯಾನೋ ಮೂರು ಮೂರು ಪೆಟ್ಟಾಗಿ ಸಾಗುತ್ತದೆ, ತುಸು ದೂರದಿಂದ, ಮಬ್ಬಾಗಿ. ಅದರ ಮೇಲೆ ಹಿಮ್ಮೇಳದ ಉಲಿ ಒಂದೇ ಹದದಲ್ಲಿ ತಿರುಗುತ್ತದೆ, ಕೊನೆಯವರೆಗೂ. ಪ್ಯಾರಿಸ್‌ನ ದನಿ ಎಲ್ಲೂ ಅವಸರಪಡುವುದಿಲ್ಲ. ಅವನು ನೆನೆಯುತ್ತಿರುವುದು ಮೇ ತಿಂಗಳ ಒಂದು ರಾತ್ರಿಯನ್ನು, ಹೊರಗಿರುವುದು ಕನೆಕ್ಟಿಕಟ್‌ನ ಕಡುಚಳಿ. ನಡುವೆ ಮಜೆಟ್ಟಾನ ಸ್ಯಾಕ್ಸೊಫೋನ್ ಬರುತ್ತದೆ. ಹುಡುಗರು ಉಲಿಯನ್ನು ನಿಲ್ಲಿಸದೆ ಅದರ ಹಿಂದೆಯೇ ಹೋಗುತ್ತಾರೆ. ಕೊನೆಗೆ ಪ್ಯಾರಿಸ್ ಕಳ್ಳದನಿಗೆ ಏರುತ್ತಾನೆ. ಅಲ್ಲಿ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ.

ಗ್ರಾಮಫೋನ್ ತಟ್ಟೆಯ ಮೊದಲ ಮಗ್ಗುಲಲ್ಲಿದ್ದದ್ದು ‘ದ ಜೋನ್ಸ್ ಗರ್ಲ್’. ಈ ಹಾಡು ಹಿಂಬದಿಯದು. ರೇಡಿಯೋದವರು ತಟ್ಟೆ ಮಗುಚಿದರು, ಎಂಬರ್ ಕಂಪನಿ ಅದನ್ನು ದೇಶಕ್ಕೆಲ್ಲ ಹಂಚಿತು, ಬಿಲ್‌ಬೋರ್ಡ್ ಪಾಪ್ ಪಟ್ಟಿಯಲ್ಲಿ ಅದು 24ನೇ ಸ್ಥಾನ ಮುಟ್ಟಿತು. ಅಷ್ಟರಲ್ಲಿ ಪ್ಯಾರಿಸ್‌ನನ್ನು ಸೈನ್ಯ ಜಪಾನಿಗೆ ಕಳಿಸಿಯಾಗಿತ್ತು. ತಂಡ ಕಾಯುವಂತಿರಲಿಲ್ಲ. ಬಿಲ್ ಬೇಕರ್ ಬಂದು ಅವನ ಜಾಗದಲ್ಲಿ ನಿಂತ. 1957ರಲ್ಲಿ ‘ಟು ದ ಐಲ್’ ಹಾಡಿ ಗೆದ್ದ. ಬೇಕರ್ ಒಳ್ಳೆಯ ಗಾಯಕ, ಅವನ ಮೇಲೆ ನನಗೆ ಮುನಿಸಿಲ್ಲ. ಆದರೂ 20ರ ಹುಡುಗನಿಗೆ ಬದುಕಿನಲ್ಲಿ ಒಮ್ಮೆ ಬರುವ ಕಾಲ ಸಾಗರದ ಆಚೆ ಕಳೆದುಹೋಯಿತಲ್ಲ, ಅದನ್ನು ಅವನಿಗೆ ಯಾರೂ ತಿರುಗಿ ಕೊಡಲಿಲ್ಲ. 1958ರಲ್ಲಿ ಮರಳಿ ತಂಡ ಕಟ್ಟಿದ. ಆಮೇಲಿನ ಯಾವ ಹಾಡೂ ಅಷ್ಟು ಮೇಲೇರಲಿಲ್ಲ.

ಹಳೆಯ ಹಾಡು ಮಾತ್ರ ಸಾಯಲಿಲ್ಲ. ರೇಡಿಯೋ ನಿರೂಪಕ ಆರ್ಟ್ ಲಾಬೊನ ‘ಓಲ್ಡೀಸ್ ಬಟ್ ಗುಡೀಸ್’ ಸಂಕಲನಕ್ಕೆ ಸೇರಿತು, ಮತ್ತೆ ಪಟ್ಟಿ ಹತ್ತಿತು. 1987ರ ‘ಡರ್ಟಿ ಡ್ಯಾನ್ಸಿಂಗ್’ ಚಿತ್ರಕ್ಕೆ ಬಂತು. ಬಾಯ್ಸ್ ಟು ಮೆನ್ ತಂಡದವರು 1992ರಲ್ಲಿ ಅದನ್ನೇ ಹಾಡಿ ಮೂರನೇ ಸ್ಥಾನಕ್ಕೆ ಒಯ್ದರು. ಅವರ ದನಿಗಳು ಹೊಳೆಯುತ್ತವೆ, ಶ್ರುತಿ ಕೂದಲೆಳೆಯಷ್ಟೂ ಜಾರುವುದಿಲ್ಲ. ನನಗೆ ಬೇಕಾದದ್ದು ಆ ಮಬ್ಬು ಪಿಯಾನೋ, ಆ ಕೋಣೆ.

ಪ್ಯಾರಿಸ್ ಅವರು 2022ರ ಜನವರಿಯಲ್ಲಿ ತೀರಿಕೊಂಡರು, 85ನೇ ವಯಸ್ಸಿನಲ್ಲಿ. ದಶಕಗಳ ಕಾಲ ಅವರು ವೇದಿಕೆ ಹತ್ತಿ ಇದೇ ಹಾಡನ್ನು ಹಾಡಿದರು. ಅವರನ್ನು ಒಂದು ಮಾತು ಕೇಳಬೇಕೆಂಬ ಆಸೆ ನನಗಿತ್ತು: 1956ರಲ್ಲಿ, ಜಪಾನಿನ ಆ ಸೈನಿಕ ಶಿಬಿರದಲ್ಲಿ, ಇದು ನನ್ನ ದನಿ ಅಂತ ಪಕ್ಕದ ಮಂಚದವನಿಗೆ ಹೇಳಿದಿರಾ? ಹೇಳಿದ್ದರೆ, ಅವನು ನಂಬಿದನೇ?