ಎರಡನೆಯ ಸಾಲಿನ ಆಟಗಾರ

ಸುನೀಲ ಜೋಶಿಯವರ ಹೆಸರನ್ನೆತ್ತಿದೊಡನೆ ನಮ್ಮ ಗದಗ-ಬೆಟಗೇರಿಯ ಜನರು ನೈರೋಬಿಯ ಮಾತನ್ನಾಡುತ್ತಾರೆ. 1999ರ ಸೆಪ್ಟೆಂಬರ 26ರಂದು ಅಲ್ಲಿ ದಕ್ಷಿಣ ಆಫ್ರಿಕದವರೆದುರು ಅವರು 10 ಓವರುಗಳನ್ನೆಸೆದು, 6 ಮೇಡನ್ನುಗಳೊಡನೆ ಬರಿಯ 6 ಓಟಗಳನ್ನು ಕೊಟ್ಟು, 5 ವಿಕೆಟ್ಟುಗಳನ್ನು ಕಿತ್ತರು. ಎದುರಾಳಿಗಳ ಆಟವು 117ಕ್ಕೆ ಮುಗಿಯಿತು. ಸಂಗತಿಯೂ ನಿಜ, ನಮ್ಮ ಹೆಮ್ಮೆಯೂ ನಿಜ. ಆದರೆ ಒಬ್ಬ ಮನುಷ್ಯನ ಹದಿನೆಂಟು ವರುಷಗಳ ದುಡಿಮೆಯನ್ನು ಒಂದು ದಿನದ ಕೊಳಗದಿಂದ ಅಳೆಯುವುದು ನನಗೆ ಸರಿದೋರದು.

ಅವರು ಹುಟ್ಟಿದ್ದು 1970ರಲ್ಲಿ, ಗದಗಿನಲ್ಲಿ. ಬಾಲಕನಾಗಿದ್ದಾಗ ಬೆಳಗಾಗುತ್ತಲೆ ಹುಬ್ಬಳ್ಳಿಗೆ ಹೋಗಿ, ಅಲ್ಲಿ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಊರಿಗೆ ಮರಳುತ್ತಿದ್ದರಂತೆ. ಹೋಗುವ ದಾರಿಯೇ ಸುಮಾರು 60 ಕಿಲೋಮೀಟರು! 1995-96ರ ರಣಜಿ ಪಂದ್ಯಗಳಲ್ಲಿ 52 ವಿಕೆಟ್ಟು, 529 ಓಟ ಅವರವಾದವು. ಆ ಸಲ ಕರ್ನಾಟಕವೇ ಗೆದ್ದಿತು. 1996ರಲ್ಲಿ ಇಂಗ್ಲಂಡಿನ ನೆಲದಲ್ಲಿ ಮೊದಲ ಟೆಸ್ಟ್ ಪಂದ್ಯ. 2000ದ ನವೆಂಬರಿನಲ್ಲಿ, ಬಾಂಗ್ಲಾದೇಶವು ಆಡಿದ ಮೊತ್ತಮೊದಲ ಟೆಸ್ಟಿನಲ್ಲಿ, ಒಂದೇ ಸರದಿಯಲ್ಲಿ 5 ವಿಕೆಟ್ಟು ಪಡೆದು, 92 ಓಟ ಹೊಡೆದು ಪಂದ್ಯಶ್ರೇಷ್ಠರೆನಿಸಿದರು. ಆ ವರುಷವು ಕಳೆದ ಮೇಲೆ ಅವರು ಮತ್ತೆ ಟೆಸ್ಟ್ ಆಡಲಿಲ್ಲ. ಆಗ ಅವರಿಗೆ ವಯಸ್ಸು ಮೂವತ್ತು.

ನನ್ನ ಮನಸ್ಸು ಹಿಡಿಯುವುದು ಅಲ್ಲಿಂದ ಮುಂದಿನ ಹತ್ತು ವರುಷಗಳನ್ನು. ಮೇಲಿನ ಸಾಲಿನಿಂದ ಇಳಿದು ಬಂದವರು ಸಾಮಾನ್ಯವಾಗಿ ಮುನಿಸಿಕೊಂಡು ಮನೆ ಸೇರುತ್ತಾರೆ. ಇವರು ಮತ್ತೆ ರಣಜಿಯ ಬಯಲಿಗೆ ಬಂದರು. ಅಲ್ಲಿ ನೋಡುವವರು ವಿರಳ; ಬಿಸಿಲೊಂದೇ ಧಾರಾಳ. ಪ್ರಥಮ ದರ್ಜೆಯ 160 ಪಂದ್ಯಗಳಲ್ಲಿ ಅವರು ಪಡೆದ ವಿಕೆಟ್ಟು 615. ಅವುಗಳಲ್ಲಿ ಟೆಸ್ಟಿನವು 41 ಮಾತ್ರ. ಉಳಿದ 574ನ್ನು ಬಲ್ಲವರು ಎಷ್ಟು ಮಂದಿ? ಬೆಟಗೇರಿಯ ನೇಕಾರನ ಲಾಳಿಯಂತೆ ಅದೇ ಕೈ, ಅದೇ ಹಾದಿ, ದಿನವೆಲ್ಲ. ಸೀರೆಯ ಸೆರಗನ್ನು ಎಲ್ಲರೂ ಮೆಚ್ಚುತ್ತಾರೆ. ಒಡಲನ್ನು ನೆಯ್ದ ಹೊತ್ತನ್ನು ಕೇಳುವವರಿಲ್ಲ.

ಇದನ್ನು ನಾನು ಸುಮ್ಮನೆ ಬರೆಯುತ್ತಿಲ್ಲ. ನನ್ನ ತಂಗಿಯ ಮಗನಿಗೆ ಹದಿನೇಳು ವರುಷ. ಎಡಗೈಯಿಂದ ಚೆಂಡನ್ನು ಚೆನ್ನಾಗಿ ತಿರುಗಿಸುತ್ತಾನೆ. ಕಾಲೇಜು ಬಿಟ್ಟು ಬೆಂಗಳೂರಿಗೆ ಹೋಗುವೆನೆಂದು ಹಟ ಹಿಡಿದಿದ್ದಾನೆ. “ಅಣ್ಣಾ, ಚೆಂಡಾಟದಿಂದ ಹೊಟ್ಟೆ ತುಂಬೀತೇನು?” ಎಂದು ತಂಗಿ ಕೇಳಿದಳು. ಹುಡುಗನು ನೈರೋಬಿಯನ್ನು ಬಾಯಿಪಾಠ ಮಾಡಿದ್ದಾನೆ. ನಾನು ಅವನ ಮುಂದೆ 574ರ ಲೆಕ್ಕವನ್ನಿಟ್ಟು, “ತಮ್ಮಾ, ನಿನಗೆ ದೊರೆಯುವುದು ಇಷ್ಟೇ ಆದರೂ ಹೋಗುವಿಯಾ?” ಎಂದೆ. ಬಹಳ ಹೊತ್ತು ಸುಮ್ಮನಿದ್ದು, “ಹೋಗತೀನಿ, ಮಾಮಾ” ಎಂದನು. ಪದವಿಯನ್ನು ಮುಗಿಸಿಕೊಂಡೇ ಹೋಗಲೆಂದು ನಾನು ತಂಗಿಗೆ ಹೇಳಿದೆ, ತಡೆಯೆಂದು ಹೇಳಲಿಲ್ಲ.

ಪದವಿಯ ಮಾತಿಗೆ ಕಾರಣವುಂಟು. ನಮ್ಮ ಸೀಮೆಯಲ್ಲಿ ಹುಟ್ಟಿದ ಇನ್ನೊಬ್ಬ ಜೋಶಿ, ಪಂಡಿತ ಭೀಮಸೇನರು, ಎಳವೆಯಲ್ಲಿಯೇ ಗುರುವನ್ನರಸಿ ಮನೆ ಬಿಟ್ಟವರು. ಗಾಯಕನ ಕಂಠವು ಐವತ್ತಕ್ಕೆ ಪಕ್ವವಾಗುತ್ತದೆ. ಆಟಗಾರನ ಹೆಗಲು ನಲವತ್ತಕ್ಕೆ ಸೋಲುತ್ತದೆ. ಹಿಂದೆ ಬ್ಯಾಂಕು, ರೈಲ್ವೆಗಳ ನೌಕರಿಯೇ ಅನೇಕ ಆಟಗಾರರ ಮನೆಯನ್ನು ನಡೆಸುತ್ತಿತ್ತು. 2008ರಲ್ಲಿ ಐಪಿಎಲ್ಲಿನ ಹಣದ ಹೊಳೆ ಹರಿದು ಬಂದಾಗ ಸುನೀಲ ಜೋಶಿಯವರಿಗೆ ಮೂವತ್ತೆಂಟು ತುಂಬುತ್ತಲಿತ್ತು. ಬೆಂಗಳೂರಿನ ತಂಡದಲ್ಲಿ ಕೆಲವು ಪಂದ್ಯಗಳು ಅವರ ಪಾಲಿಗೆ ಬಂದವು, ಅಷ್ಟೇ.

2012ರಲ್ಲಿ ಅವರು ನಿವೃತ್ತರಾದರು. ಮುಂದೆ ಬಾಂಗ್ಲಾದೇಶದ ಸ್ಪಿನ್ ಎಸೆಗಾರರಿಗೆ ಪಾಠ ಹೇಳಿದರು. 2020ರಲ್ಲಿ ಕೆಲವು ತಿಂಗಳು ಭಾರತದ ಆಯ್ಕೆ ಮಂಡಳಿಯ ಅಧ್ಯಕ್ಷರೂ ಆಗಿದ್ದರು. ಆದರೆ ನನಗೆ ಅವೆಲ್ಲಕ್ಕಿಂತ ಹಿರಿದೆನಿಸುವುದು 2014ರ ಡಿಸೆಂಬರಿನ ಒಂದು ರಣಜಿ ಪಂದ್ಯ. ಯಾರೂ ಲೆಕ್ಕಕ್ಕಿಡದಿದ್ದ ಜಮ್ಮು-ಕಾಶ್ಮೀರದ ಹುಡುಗರು ಅಂದು ಮುಂಬಯಿಯನ್ನು ಅದರ ವಾಂಖೆಡೆ ಮೈದಾನದಲ್ಲಿಯೇ ಸೋಲಿಸಿದರು. ಆ ಹುಡುಗರ ತರಬೇತುಗಾರರು ಗದಗಿನ ಈ ಸುನೀಲ ಜೋಶಿಯವರೇ.